ಊಟ ಬಲ್ಲವನ ಮಾತ್ರೆ

ಒಂದು ವರ್ಷ ಮೂರು ತಿಂಗಳು ನಾನು ದಿನಕ್ಕೊಂದು ಮಾತ್ರೆಯನ್ನು ಕದ್ದು ನುಂಗಿದೆ. ಸ್ಟ್ರಿಪ್ ಇರುತ್ತಿದ್ದದ್ದು ಬಾತ್‌ರೂಮಿನ ಶೇವಿಂಗ್ ಡಬ್ಬಿಯಲ್ಲಿ. ಹೆಂಡತಿಯನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಅದೇನು ಮಾನ ಹೋಗುವಂಥ ಕಾಯಿಲೆಯ ಮಾತ್ರೆಯಲ್ಲ. ರೋಸುವಾಸ್ಟಾಟಿನ್, 10 ಮಿಲಿಗ್ರಾಂ, ಕೊಲೆಸ್ಟ್ರಾಲ್ ಇಳಿಸುವ ಔಷಧಿ. ನಾವಿರುವ ದೆಹಲಿಯ ಓಲ್ಡ್ ರಾಜಿಂದರ್ ನಗರದಲ್ಲಿ ಯಾವ ಮೆಡಿಕಲ್ ಶಾಪಿಗೆ ಹೋದರೂ ಸಿಗುತ್ತದೆ. ಇಲ್ಲಿನ ಕೋಚಿಂಗ್ ಬೀದಿಯ ಒಂದು ಕಾಫಿಯ ಬೆಲೆಯೂ ಒಂದು ಮಾತ್ರೆಗೆ ಇಲ್ಲ. ಅಂಥದ್ದನ್ನು ಬಚ್ಚಿಟ್ಟುಕೊಂಡು ನುಂಗುವ ದರ್ದು ಏನಿತ್ತು? ಅದನ್ನು ಯೋಚಿಸುತ್ತ ಹೋದಾಗ ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ವೈದ್ಯನಲ್ಲ, ಐಟಿ ಪ್ರಾಜೆಕ್ಟ್ ಮ್ಯಾನೇಜರ್. ಹಾಗಾಗಿ ಇದನ್ನು ಓದಿ ಯಾರೂ ಮಾತ್ರೆ ಶುರು ಮಾಡಬೇಡಿ, ಬಿಡಲೂ ಬೇಡಿ. ಬಿಟ್ಟರೆ ಏನಾಗಬಹುದಿತ್ತು ಎನ್ನುವುದೂ ಈ ಕಥೆಯಲ್ಲೇ ಬರುತ್ತದೆ.

2023ರ ಡಿಸೆಂಬರ್‌ನಲ್ಲಿ, ಆಫೀಸಿನವರು ವರ್ಷಕ್ಕೊಮ್ಮೆ ಮಾಡಿಸುವ ಹೆಲ್ತ್ ಚೆಕಪ್‌ನಲ್ಲಿ ನನ್ನ ಒಟ್ಟು ಕೊಲೆಸ್ಟ್ರಾಲ್ 248 ಬಂತು. ಎಲ್‌ಡಿಎಲ್ 168, ಎಚ್‌ಡಿಎಲ್ 38, ಟ್ರೈಗ್ಲಿಸರೈಡ್ 210. ನನಗಾಗ 43 ವರ್ಷ. ಡಾಕ್ಟರು ರಿಪೋರ್ಟ್ ನೋಡಿ ಮೊದಲು ಕೇಳಿದ್ದು, "ಮನೆಯಲ್ಲಿ ಯಾರಿಗಾದರೂ ಹಾರ್ಟ್ ತೊಂದರೆ ಇತ್ತಾ?" ಎಂದು. "ಅಪ್ಪ 53ಕ್ಕೆ ಹೋದರು" ಎಂದೆ. ಅವರು ಪೆನ್ನು ಎತ್ತಿಕೊಂಡು ಮಾತ್ರೆ ಬರೆಯತೊಡಗಿದರು. ನಾನು ತಡೆದೆ. "ಮೂರು ತಿಂಗಳು ಟೈಮ್ ಕೊಡಿ ಸರ್. ಊಟ, ವಾಕಿಂಗ್‌ನಲ್ಲೇ ಇಳಿಸುತ್ತೇನೆ." ಅವರು ಒಪ್ಪಿದರು. "ಮಾಡಿ, ಒಳ್ಳೆಯದೇ. ಆದರೆ ಇದನ್ನು ಪರೀಕ್ಷೆ ಅಂದುಕೊಳ್ಳಬೇಡಿ" ಎಂದು ಹಿಂದಿಯಲ್ಲಿ ಹೇಳಿದರು. ನಾನಿರುವ ಬಡಾವಣೆಯಲ್ಲಿ ಈ ಮಾತನ್ನು ಪಾಲಿಸುವುದು ಕಷ್ಟ. ದೇಶದ ಮೂಲೆಮೂಲೆಯಿಂದ ಯುಪಿಎಸ್‌ಸಿ ಬರೆಯಲು ಬಂದ ಮಕ್ಕಳು ತುಂಬಿರುವ ಜಾಗ ಇದು. ಇಲ್ಲಿನ ಗೋಡೆ, ಕಂಬಗಳ ಮೇಲೆಲ್ಲ ರ‍್ಯಾಂಕ್ ಬಂದವರ ಫೋಟೊ.

ನಾನು ಅದನ್ನು ಪರೀಕ್ಷೆ ಎಂದೇ ತೆಗೆದುಕೊಂಡೆ. ಎಕ್ಸೆಲ್ ಶೀಟ್ ಮಾಡಿದೆ, ವಾರಕ್ಕೊಂದು ಮೈಲಿಗಲ್ಲು ಹಾಕಿಕೊಂಡೆ. ಪರಾಠಾ, ಛೋಲೆ ಭಟೂರೆ, ಸಂಜೆಯ ಚಹಾದ ಜೊತೆಗಿನ ಬಿಸ್ಕತ್ತು ಎಲ್ಲ ಬಂದ್. ಐಎನ್‌ಎ ಮಾರ್ಕೆಟ್ಟಿನಿಂದ ರಾಗಿ ಹಿಟ್ಟು ತಂದು ಮುದ್ದೆ ಕಟ್ಟಿದೆ, ಹುರುಳಿ ಸಾರು ಮಾಡಿಸಿದೆ, ಬೆಳಿಗ್ಗೆ ಓಟ್ಸ್ ತಿಂದೆ. ಶಂಕರ್ ರೋಡ್ ದಾಟಿದರೆ ರಿಡ್ಜ್ ಕಾಡು, ಅಲ್ಲಿ ದಿನಕ್ಕೆ 45 ನಿಮಿಷ ನಡೆಯುವ ಯೋಜನೆ. ಆದರೆ ಅದು ದೆಹಲಿಯ ಚಳಿಗಾಲ. ಎಕ್ಯುಐ 400 ದಾಟುವ ಬೆಳಗುಗಳಲ್ಲಿ ಹೊರಗೆ ನಡೆಯುವುದು ಹೃದಯಕ್ಕೆ ಮಾಡುವ ಉಪಕಾರವಲ್ಲ ಎಂದು ಡಾಕ್ಟರೇ ಹೇಳಿದ್ದರು. ಅಂಥ ದಿನ ಮನೆಯೊಳಗೇ, ಬಾಲ್ಕನಿಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಾಲ್ಕನಿಗೆ ಶತಪಥ ಹಾಕುತ್ತಿದ್ದೆ. ಒಂದು ದಿನ ಕೆಳಗಿನ ಪಿಜಿಯ ಹುಡುಗನೊಬ್ಬ ಬಾಗಿಲು ಬಡಿದು, "ಅಂಕಲ್, ಥೋಡಾ ಧೀರೇ. ಓದ್ತಾ ಇದೀವಿ" ಎಂದು ಕೈಮುಗಿದ. ಒಳಗಿಂದ ನನ್ನ ಹೆಂಡತಿ "ಯಾರ‍್ರೀ ಅದು?" ಎಂದದ್ದನ್ನು ಕೇಳಿ ಅವನ ಮುಖ ಅರಳಿತು. ರಾಯಚೂರಿನ ಕಡೆಯವನು.

ಐದು ಕೆಜಿ ಇಳಿದೆ. "ನಮ್ಮನೆ" ಎನ್ನುವ ವಾಟ್ಸ್ಆ್ಯಪ್ ಗುಂಪಿಗೆ ರಿಡ್ಜ್‌ನ ಫೋಟೊ, ಹೆಜ್ಜೆಗಳ ಲೆಕ್ಕ, ಸಡಿಲವಾದ ಪ್ಯಾಂಟಿನ ಫೋಟೊ ಎಲ್ಲ ಹಾಕಿದೆ. ಮಾರ್ಚ್ ಕೊನೆಗೆ ಮತ್ತೆ ರಕ್ತ ಕೊಟ್ಟೆ. ಟ್ರೈಗ್ಲಿಸರೈಡ್ 140ಕ್ಕೆ ಇಳಿದಿತ್ತು. ಎಚ್‌ಡಿಎಲ್ 40. ಎಲ್‌ಡಿಎಲ್ 146.

ಮೂರು ತಿಂಗಳ ತಪಸ್ಸಿಗೆ 22 ಪಾಯಿಂಟು, ಅಂದರೆ ಶೇಕಡ 13. ಡಾಕ್ಟರಿಗೆ ಖುಷಿಯಾಯಿತು. ತೂಕ, ಟ್ರೈಗ್ಲಿಸರೈಡ್, ಬಿಪಿ ಎಲ್ಲ ಸುಧಾರಿಸಿದೆ, ಇದನ್ನು ಬಿಡಬೇಡಿ ಎಂದರು. ಎಲ್‌ಡಿಎಲ್ ಮಾತ್ರ ಊಟದಿಂದ ಸಾಮಾನ್ಯವಾಗಿ ಇಷ್ಟೇ ಇಳಿಯುವುದು, ಉಳಿದದ್ದು ನಿಮ್ಮ ಲಿವರ್ ತಾನೇ ತಯಾರಿಸುತ್ತಿರುವುದು ಎಂದು ವಿವರಿಸಿ ಮಾತ್ರೆ ಬರೆದುಕೊಟ್ಟರು. ಆರು ವಾರದಲ್ಲಿ ಎಲ್‌ಡಿಎಲ್ 82ಕ್ಕೆ ಬಂತು. ಆ 82ರ ರಿಪೋರ್ಟನ್ನು ನಾನು ಗುಂಪಿಗೆ ಹಾಕಲಿಲ್ಲ. ಅದು ನಾನು ಗಳಿಸಿದ ಅಂಕವಲ್ಲ, ಕಾಪಿ ಹೊಡೆದ ಅಂಕ ಎನ್ನಿಸಿತ್ತು.

ಈ ಕಾಪಿ ಹೊಡೆದ ಭಾವನೆ ಎಲ್ಲಿಂದ ಬರುತ್ತದೆ? ನಮ್ಮಲ್ಲಿ ಎಲ್ಲರ ಬಾಯಲ್ಲೂ ಇರುವ ಗಾದೆ: ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ. ಊಟಕ್ಕೆ ಮುಂಚೆ ಹೇಳಿದರೆ ಅದು ಹಿತವಚನ. ಕಾಯಿಲೆ ಬಂದಮೇಲೆ ಅದನ್ನೇ ತಿರುಗಿಸಿ ಓದುತ್ತೇವೆ: ರೋಗ ಬಂದವನಿಗೆ ಊಟ ಗೊತ್ತಿರಲಿಲ್ಲ. ತರ್ಕದ ಪ್ರಕಾರ ಇದರಲ್ಲಿ ದೋಷವಿಲ್ಲ. ಮೊದಲ ಮಾತು ಎಂದೂ ತಪ್ಪದ ನಿಯಮವಾಗಿದ್ದರೆ ಎರಡನೆಯದು ತಾನಾಗಿ ಹೊರಡುತ್ತದೆ. ನಾವು ಎಡವುವುದು, ಒಂದು ಬುದ್ಧಿಮಾತನ್ನು ತಪ್ಪದ ನಿಯಮ ಎಂದುಕೊಳ್ಳುವ ಕಡೆ. ಅಲ್ಲಿಂದ ಮುಂದೆ ದೇಹ ಒಂದು ಉತ್ತರ ಪತ್ರಿಕೆ, ಕಾಯಿಲೆ ಅದರ ಮೇಲಿನ ಕೆಂಪು ಗೆರೆ. ಮಾತ್ರೆ ನುಂಗುವವನು ಸಪ್ಲಿಮೆಂಟರಿ ಪಾಸಾದವನು.

ಅಪ್ಪ ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಪ್ರೈಮರಿ ಶಾಲೆ ಮೇಷ್ಟ್ರಾಗಿದ್ದರು. ಶಾಲೆಗೆ ಮೂರು ಕಿಲೋಮೀಟರ್ ನಡೆದು ಹೋಗಿ ನಡೆದು ಬರುತ್ತಿದ್ದರು. ಬೀಡಿ, ಎಲೆಯಡಿಕೆ ಮುಟ್ಟಿದವರಲ್ಲ. ಮುದ್ದೆ, ಬಸ್ಸಾರು, ವಾರಕ್ಕೊಮ್ಮೆ ಬಾಡು. 2003ರ ದೀಪಾವಳಿ ಕಳೆದು ಎಂಟನೆಯ ದಿನ ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವರು ಹಾಸನ ತಲುಪಲಿಲ್ಲ. ನಾನು ಸುರತ್ಕಲ್ಲಿನಲ್ಲಿ ಎಂಟೆಕ್ ಓದುತ್ತಿದ್ದೆ. ಬಂದು ಇಳಿದಾಗ ಅಂಗಳದಲ್ಲಿ ಕೂತವರು ಆಡುತ್ತಿದ್ದ ಮಾತು ಇನ್ನೂ ಕಿವಿಯಲ್ಲಿದೆ. "ಏನ್ ತಿಂದಿದ್ರಂತೆ?" ಸತ್ತವನ ಬಗ್ಗೆ ನಾವು ಮೊದಲು ಕೇಳುವ ಪ್ರಶ್ನೆ ಇದು. ಉತ್ತರ ಸಿಕ್ಕಿದರೆ ಕೇಳಿದವನಿಗೆ ಒಂದು ಸಮಾಧಾನ: ನಾನು ಅದನ್ನು ತಿನ್ನುವುದಿಲ್ಲ, ಆದ್ದರಿಂದ ನಾನು ಸಾಯುವುದಿಲ್ಲ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗಲೂ ಇದೇ ಆಯಿತು. ವಯಸ್ಸು 46, ಕಟ್ಟುಮಸ್ತಾದ ದೇಹ, ವ್ಯಾಯಾಮ ತಪ್ಪಿಸದ ಮನುಷ್ಯ. ಆಮೇಲಿನ ದಿನಗಳಲ್ಲಿ ಬೆಂಗಳೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿದರು. ಜೊತೆಗೇ "ಅತಿಯಾಗಿ ಜಿಮ್ ಮಾಡಿದ್ದೇ ತಪ್ಪು" ಎನ್ನುವ ಮಾತು ಫೋನಿನಿಂದ ಫೋನಿಗೆ ಹರಿದಾಡಿತು. ನಡೆಯದವನು ಸತ್ತರೆ ನಡೆಯಲಿಲ್ಲ, ನಡೆದವನು ಸತ್ತರೆ ಜಾಸ್ತಿ ನಡೆದ. ಎರಡನ್ನೂ ಒಂದೇ ಬಾಯಲ್ಲಿ ಹೇಳಬಲ್ಲೆವು. ಅವರ ಹೆಸರಿನಲ್ಲೇ ಮುಂದೆ ರಾಜ್ಯ ಸರ್ಕಾರ ಹೃದಯ ಜ್ಯೋತಿ ಯೋಜನೆ ತಂದು, ಊರಿನ ಆಸ್ಪತ್ರೆಯಲ್ಲೇ ಇಸಿಜಿ ಮಾಡಿ ಬೇಗ ಚಿಕಿತ್ಸೆ ಸಿಗುವ ವ್ಯವಸ್ಥೆಗೆ ಕೈಹಾಕಿತು. ಆ ಸಾವಿಗೆ ಸಂದ ಪ್ರತಿಕ್ರಿಯೆಗಳಲ್ಲಿ ನನಗೆ ಗೌರವದ್ದು ಅನ್ನಿಸುವುದು ಇದೊಂದೇ, ಏಕೆಂದರೆ ಅದು ತಪ್ಪು ಯಾರದು ಎಂದು ಕೇಳಲಿಲ್ಲ.

ಅಂಗಳದಲ್ಲಿ ಕೂತವರನ್ನು ದೂರುವ ಹಕ್ಕು ನನಗೂ ಇಲ್ಲ. ನನ್ನ ಟೀಮಿನ ಹುಡುಗನೊಬ್ಬನಿಗೆ 39ಕ್ಕೆ ಸ್ಟೆಂಟ್ ಹಾಕಿದಾಗ, ನೋಯ್ಡಾದ ಆಫೀಸಿನ ಕ್ಯಾಂಟೀನಿನಲ್ಲಿ "ವಾರಕ್ಕೆ ನಾಲ್ಕು ದಿನ ಬಟರ್ ಚಿಕನ್ ತಿಂದರೆ ಇನ್ನೇನಾಗುತ್ತೆ" ಎಂದವನು ನಾನು.

ದೇಹದ ಲೆಕ್ಕ ಗಾದೆಯಷ್ಟು ಸರಳವಾಗಿಲ್ಲ. ರಕ್ತದಲ್ಲಿರುವ ಕೊಲೆಸ್ಟ್ರಾಲಿನ ಬಹುಪಾಲು ತಟ್ಟೆಯಿಂದ ಬಂದದ್ದಲ್ಲ, ದೇಹವೇ ಮಾಡಿಕೊಂಡದ್ದು. ಸ್ಟಾಟಿನ್ ಮಾತ್ರೆ ಲಿವರ್‌ನಲ್ಲಿ ಆ ತಯಾರಿಯನ್ನು ನಡೆಸುವ ಒಂದು ಕಿಣ್ವವನ್ನು ತಡೆಯುತ್ತದೆ. ಆಗ ಲಿವರ್ ತನಗೆ ಬೇಕಾದ ಕೊಲೆಸ್ಟ್ರಾಲನ್ನು ರಕ್ತದಲ್ಲಿರುವ ಎಲ್‌ಡಿಎಲ್‌ನಿಂದ ಎಳೆದುಕೊಳ್ಳುತ್ತದೆ. ಹೀಗೆ ಎಳೆದುಕೊಳ್ಳುವ ಕೊಕ್ಕೆಗಳನ್ನು ಕಂಡುಹಿಡಿದದ್ದಕ್ಕೆ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಎಂಬ ಇಬ್ಬರು ಅಮೆರಿಕನ್ನರಿಗೆ 1985ರಲ್ಲಿ ನೊಬೆಲ್ ಬಂತು. ಮಾತ್ರೆಯ ಮೂಲ ಹುಡುಕಿದವರು ಜಪಾನಿನ ಅಕಿರಾ ಎಂಡೊ. ಆರು ಸಾವಿರಕ್ಕೂ ಹೆಚ್ಚು ಬೂಷ್ಟುಗಳನ್ನು ಒಂದೊಂದಾಗಿ ಪರೀಕ್ಷಿಸಿ, 1973ರಲ್ಲಿ ಅವರು ಅದನ್ನು ಪತ್ತೆಮಾಡಿದ್ದು ಕ್ಯೋಟೊ ನಗರದ ಧಾನ್ಯದಂಗಡಿಯೊಂದರ ಅಕ್ಕಿಗೆ ಹಿಡಿದಿದ್ದ ಬೂಷ್ಟಿನಲ್ಲಿ. ಈ ವರ್ಗದ ಮೊದಲ ಮಾತ್ರೆ ಮಾರುಕಟ್ಟೆಗೆ ಬಂದದ್ದು 1987ರಲ್ಲಿ. ಎಂಡೊ 2024ರ ಜೂನ್‌ನಲ್ಲಿ, 90ನೇ ವಯಸ್ಸಿನಲ್ಲಿ ತೀರಿಕೊಂಡರು. ನಾನು ಕದ್ದು ನುಂಗತೊಡಗಿ ಆಗ ಎರಡು ತಿಂಗಳು. ಸುದ್ದಿ ಓದುತ್ತ ನಗು ಬಂತು. ಅಡುಗೆಮನೆಯ ಶತ್ರು ಎಂದು ನಾನು ಬಗೆದಿದ್ದ "ಕೆಮಿಕಲ್" ಅಕ್ಕಿಯ ಮೂಟೆಯಿಂದ ಹೊರಟದ್ದು.

ಹಾಗೆಂದು ಮಾತ್ರೆಯ ವಿರುದ್ಧದ ಮಾತುಗಳನ್ನೆಲ್ಲ ತಳ್ಳಿಹಾಕುವಂತಿಲ್ಲ. ಮೊದಲನೆಯದು, ಮಾತ್ರೆ ಒಂದು ಪರವಾನಗಿ ಆಗಿಬಿಡುತ್ತದೆ ಎನ್ನುವುದು. ಇದು ನನ್ನ ಅನುಭವ ಕೂಡ. 82 ಬಂದ ವಾರವೇ ಕರೋಲ್ ಬಾಗ್‌ಗೆ ಹೋಗಿ ಎರಡು ಪ್ಲೇಟ್ ಛೋಲೆ ಭಟೂರೆ ತಿಂದು ಬಂದೆ. ನಡಿಗೆ ಕೊಡುವುದನ್ನೆಲ್ಲ ಮಾತ್ರೆ ಕೊಡುವುದಿಲ್ಲ. ನನ್ನ ಬಿಪಿ, ತೂಕ, ನಿದ್ದೆ, ಸಂಜೆಯ ಸಿಡುಕು ಇಳಿದದ್ದು ನಡಿಗೆಯಿಂದ. ಎರಡನೆಯದು, ಅಡ್ಡಪರಿಣಾಮ. ಸ್ನಾಯುನೋವು ಕೆಲವರಿಗೆ ನಿಜವಾಗಿ ಬರುತ್ತದೆ, ಸಕ್ಕರೆ ಕಾಯಿಲೆಯ ಸಾಧ್ಯತೆ ಸ್ವಲ್ಪ ಹೆಚ್ಚುತ್ತದೆ. ನನಗೂ ಮೊದಲ ತಿಂಗಳು ಮೀನಖಂಡ ನೋಯುತ್ತಿತ್ತು. 2020ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ನೋವೆಂದು ಸ್ಟಾಟಿನ್ ಬಿಟ್ಟಿದ್ದ 60 ಜನರಿಗೆ ಕೆಲವು ತಿಂಗಳು ಸ್ಟಾಟಿನ್, ಕೆಲವು ತಿಂಗಳು ಸುಳ್ಳು ಮಾತ್ರೆ, ಕೆಲವು ತಿಂಗಳು ಏನೂ ಇಲ್ಲದೆ ಬಿಟ್ಟು ನೋಡಿದರು. ಸ್ಟಾಟಿನ್ ತಿಂಗಳಲ್ಲಿ ಆದ ತೊಂದರೆಯ ಶೇಕಡ 90ರಷ್ಟು ಸುಳ್ಳು ಮಾತ್ರೆಯ ತಿಂಗಳಲ್ಲೂ ಆಗಿತ್ತು. ನೋವು ಸುಳ್ಳಲ್ಲ, ಅದರ ಮೂಲ ಹೆಚ್ಚಾಗಿ ನಿರೀಕ್ಷೆಯಲ್ಲಿತ್ತು. ಅವಮಾನದಿಂದ ನುಂಗಿದ ಮಾತ್ರೆ ಮೈಗೆ ಹಿಡಿಸುವುದು ಕಷ್ಟ ಎಂದು ನಾನು ಅರ್ಥಮಾಡಿಕೊಂಡೆ.

ಮೂರನೆಯದು ಹೆಚ್ಚು ಆಳದ್ದು. 1994ರಲ್ಲಿ ಉತ್ತರ ಯುರೋಪಿನ ದೇಶಗಳಲ್ಲಿ 4,444 ಹೃದ್ರೋಗಿಗಳ ಮೇಲೆ ಐದೂ ಚಿಲ್ಲರೆ ವರ್ಷ ನಡೆದ ಪ್ರಯೋಗದ ಫಲಿತಾಂಶ ಬಂತು. ಸುಳ್ಳು ಮಾತ್ರೆ ತಿಂದವರಲ್ಲಿ ನೂರಕ್ಕೆ 12 ಜನ ಸತ್ತಿದ್ದರು, ಸ್ಟಾಟಿನ್ ತಿಂದವರಲ್ಲಿ 8. ಇದರ ಅರ್ಥ, ಮಾತ್ರೆ ತಿಂದ ನೂರು ಜನರಲ್ಲಿ 88 ಜನ ಹೇಗೂ ಬದುಕಿರುತ್ತಿದ್ದರು, 8 ಜನ ಮಾತ್ರೆ ತಿಂದೂ ಸತ್ತರು, ನಾಲ್ವರು ಉಳಿದುಕೊಂಡರು. ಅವರು ಆಗಲೇ ಕಾಯಿಲೆಯಿದ್ದವರು. ನನ್ನಂತೆ ಇನ್ನೂ ಏನೂ ಆಗದವರಲ್ಲಿ ಉಳಿಯುವವರ ಸಂಖ್ಯೆ ಇನ್ನೂ ಚಿಕ್ಕದು. ಆ ಕೆಲವರಲ್ಲಿ ನಾನೊಬ್ಬನೇ ಎಂದು ಎಂದೂ ಗೊತ್ತಾಗುವುದಿಲ್ಲ. ಬ್ರಿಟನ್ನಿನ ಜೆಫ್ರಿ ರೋಸ್ ಎಂಬ ವೈದ್ಯವಿಜ್ಞಾನಿ 1981ರಲ್ಲೇ ಇದನ್ನು ಗುರುತಿಸಿದ್ದರು: ಇಡೀ ಸಮುದಾಯಕ್ಕೆ ದೊಡ್ಡ ಲಾಭ ತರುವ ಕ್ರಮ ಒಬ್ಬೊಬ್ಬ ವ್ಯಕ್ತಿಗೆ ಕೊಡುವುದು ತೀರ ಅಲ್ಪ. ಹಾಗಾದರೆ ಜೀವನವಿಡೀ ಯಾಕೆ ನುಂಗಬೇಕು?

ಈ ಪ್ರಶ್ನೆಯನ್ನು ಬಹಳ ದಿನ ಮಾತ್ರೆಗೆ ಮಾತ್ರ ಕೇಳುತ್ತಿದ್ದೆ. ಒಂದು ಬೆಳಿಗ್ಗೆ ರಿಡ್ಜ್ ಹಾದಿಯಲ್ಲಿ ಹೊಳೆಯಿತು, ನಡಿಗೆಗೂ ಇದೇ ಪ್ರಶ್ನೆ ಅನ್ವಯಿಸುತ್ತದೆ. ನಾನು 70 ದಾಟಿದರೆ ಅದು ನಡಿಗೆಯಿಂದಲೋ ಮುದ್ದೆಯಿಂದಲೋ ಯಾರೂ ರಸೀದಿ ಕೊಡುವುದಿಲ್ಲ. ನಡಿಗೆಗೆ ನಾವು ರಸೀದಿ ಕೇಳುವುದೂ ಇಲ್ಲ, ಏಕೆಂದರೆ ನಡೆಯುವುದರಲ್ಲೇ ನಮಗೊಂದು ಒಳ್ಳೆಯತನ ಕಾಣುತ್ತದೆ. ಆಫೀಸಿನಲ್ಲಿ ಯಾವ ಪ್ರಾಜೆಕ್ಟಿಗೂ ನಾನು ರಿಸ್ಕ್ ರಿಜಿಸ್ಟರ್ ಇಲ್ಲದೆ ಸಹಿ ಹಾಕುವುದಿಲ್ಲ. ಸರ್ವರ್‌ಗೆ ಬ್ಯಾಕಪ್ ಇಡುವುದು ಸರ್ವರ್‌ನ ಚಾರಿತ್ರ್ಯದ ಮೇಲಿನ ಅನುಮಾನವಲ್ಲ. ಅದೇ ಕೆಲಸವನ್ನು ನನ್ನ ರಕ್ತನಾಳಕ್ಕೆ ಮಾಡಿದಾಗ ಮಾತ್ರ ಸೋತೆ ಎನ್ನಿಸಿದ್ದು ವಿಚಿತ್ರ.

ಇನ್ನೊಂದು ವಿಷಯ, ಶಿಸ್ತು ಎನ್ನುವುದು ಯಾರಿಗೆ ಎಷ್ಟು ಅಗ್ಗವಾಗಿ ಸಿಗುತ್ತದೆ ಎನ್ನುವುದು. ಕೆಳಗಿನ ಮನೆಯ ರಾಯಚೂರಿನ ಹುಡುಗನನ್ನು ಒಮ್ಮೆ ಊಟಕ್ಕೆ ಕರೆದಿದ್ದೆವು. ದಿನವೂ ಏನು ತಿನ್ನುತ್ತೀಯಪ್ಪ ಎಂದು ಕೇಳಿದೆ. "ಟಿಫಿನ್ ಡಬ್ಬಿ ಬರ‍್ತದ್ರಿ ಸರ್. ಮುಂಜಾನಿ ಪರಾಠಾ, ಮಧ್ಯಾಹ್ನ ರಾಜ್ಮಾ ಚಾವಲ್, ರಾತ್ರಿ ಆಲೂ. ಜ್ವಾಳದ ರೊಟ್ಟಿ ತಿಂದು ಎಂಟು ತಿಂಗಳಾತು." ಹಾಸಿಗೆ, ಮೇಜು ಹಾಕಿದರೆ ತಿರುಗಲು ಜಾಗವಿಲ್ಲದ ಕೋಣೆ, ದಿನಕ್ಕೆ ಹನ್ನೆರಡು ಗಂಟೆ ಕೂತು ಓದು, ಹೊರಗೆ ಹೊಗೆ. ಕಾರ್ಡಿಯಾಲಾಜಿಕಲ್ ಸೊಸೈಟಿ ಆಫ್ ಇಂಡಿಯಾ 2024ರ ಜುಲೈನಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ ಭಾರತೀಯರು 18ನೇ ವಯಸ್ಸಿಗೇ ಮೊದಲ ಸಲ ಕೊಲೆಸ್ಟ್ರಾಲ್ ಪರೀಕ್ಷೆ ಮಾಡಿಸಬೇಕು. ಇವನಿಗೆ 26, ಒಮ್ಮೆಯೂ ಮಾಡಿಸಿಲ್ಲ. ಅವನಿಗೆ ನಾನು ಊಟ ಬಲ್ಲವನ ಗಾದೆ ಹೇಳಲೇ?

ಅದೇ ಜುಲೈ 27ರ ಸಂಜೆ ನಮ್ಮ ಬಡಾವಣೆಯ ಒಂದು ಕೋಚಿಂಗ್ ಕೇಂದ್ರದ ನೆಲಮಾಳಿಗೆಗೆ ಮಳೆನೀರು ನುಗ್ಗಿ ಮೂವರು ವಿದ್ಯಾರ್ಥಿಗಳು ಸತ್ತರು. ಹತ್ತಾರು ದಿನ ಮಕ್ಕಳು ಬೀದಿಯಲ್ಲಿ ಕೂತು ಪ್ರತಿಭಟಿಸಿದರು. ಚರಂಡಿ ಯಾಕೆ ಕಟ್ಟಿತ್ತು, ನೆಲಮಾಳಿಗೆಯಲ್ಲಿ ಲೈಬ್ರರಿ ನಡೆಸಲು ಯಾರು ಬಿಟ್ಟರು ಎಂದು ಎಲ್ಲರೂ ಕೇಳಿದರು. ಸತ್ತವರಿಗೆ ಈಜು ಬರುತ್ತಿತ್ತೇ ಎಂದು ಯಾರೂ ಕೇಳಲಿಲ್ಲ, ಕೇಳಿದ್ದರೆ ಹೊಡೆಯುತ್ತಿದ್ದೆವು. ಹೃದಯದ ವಿಷಯದಲ್ಲಿ ನಾವು ದಿನವೂ ಕೇಳುವುದು ಅದೇ ಪ್ರಶ್ನೆಯನ್ನು. ಕರಿದ ಎಣ್ಣೆ, ವನಸ್ಪತಿಯಲ್ಲಿನ ಟ್ರಾನ್ಸ್ ಫ್ಯಾಟ್ ಶೇಕಡ 2 ಮೀರಬಾರದು ಎಂದು ಎಫ್‌ಎಸ್‌ಎಸ್‌ಎಐ 2022ರ ಜನವರಿಯಿಂದ ನಿಯಮ ಮಾಡಿತು. ಅದನ್ನು ಸರಿಯಾಗಿ ಜಾರಿ ಮಾಡಿದರೆ, ಯಾರ ಮನೋಬಲವನ್ನೂ ಕೇಳದೆ ಆ ಹುಡುಗನ ಪರಾಠಾ ಒಂದಿಷ್ಟು ಸುಧಾರಿಸುತ್ತದೆ.

ಇನ್ನು ನನ್ನ ಗುಟ್ಟು ಹೊರಬಿದ್ದ ಕಥೆ. 2025ರ ಮೇ, ಜೂನ್ ತಿಂಗಳುಗಳಲ್ಲಿ ನಮ್ಮ ಹಾಸನ ಜಿಲ್ಲೆಯಲ್ಲಿ ಕೆಲವೇ ವಾರಗಳೊಳಗೆ 20ಕ್ಕೂ ಹೆಚ್ಚು ಜನ ಹಠಾತ್ತನೆ ಸತ್ತ ಸುದ್ದಿ ನೀವೆಲ್ಲ ಓದಿರುತ್ತೀರಿ. ಅವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಟಿವಿಯಲ್ಲಿ ದಿನಕ್ಕೊಂದು ಕಾರಣ. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ಅಸಹಜ ಏರಿಕೆಯೇನೂ ಇಲ್ಲ, ಸಕ್ಕರೆ ಕಾಯಿಲೆ, ಬಿಪಿ, ಧೂಮಪಾನ, ವಂಶದ ಇತಿಹಾಸದಂಥ ಗೊತ್ತಿರುವ ಕಾರಣಗಳೇ ಎಂದು ಅದು ಹೇಳುವ ಹೊತ್ತಿಗೆ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಮುಂಜಾನೆಯಿಂದಲೇ ಜನಸಾಗರ. ಆ ಸಾಲಿನಲ್ಲಿ ನನ್ನ ತಮ್ಮನೂ ನಿಂತಿದ್ದ. ಹಾಸನದಲ್ಲಿ ಸ್ವಂತ ಟೂರಿಸ್ಟ್ ಕಾರು ಓಡಿಸುತ್ತಾನೆ. ಹೋಗಿ ತೋರಿಸಿಕೊಂಡು ಬಾ ಎಂದು ನಾನೇ ಹಟ ಮಾಡಿ ಕಳಿಸಿದ್ದೆ.

ಸಾಲಿನಿಂದಲೇ ಫೋನ್ ಮಾಡಿದ. ನಾನು ಆಫೀಸಿಗೆ ಹೊರಟು ರಾಜೇಂದ್ರ ಪ್ಲೇಸ್ ಮೆಟ್ರೊ ಪ್ಲಾಟ್‌ಫಾರಂನಲ್ಲಿದ್ದೆ.

"ಅಣ್ಣ, ಒಂದ್ ಮಾತು. ಹೋದ್ ವರ್ಷ ಹಾಸನದ್ ಡಾಕ್ಟ್ರು ನಂಗೂ ಕೊಲೆಸ್ಟ್ರಾಲ್ ಮಾತ್ರೆ ಕೊಟ್ಟಿದ್ರು. ಎರಡ್ ತಿಂಗ್ಳು ತಗಂಡು ಬಿಟ್ಬಿಟ್ಟೆ."

"ಯಾಕೋ?"

"ನಿನ್ನ ನೋಡೇ ಕಣಣ್ಣ. ನೀನು ಬರೀ ನಡ್ದೇ ಇಳಿಸ್ಕಂಡಲ್ಲ. ನಾನ್ಯಾಕೆ ಈ ವಯಸ್ಸಿಗೇ ಮಾತ್ರೆಗೆ ಬೀಳ್ಬೇಕು ಅಂದ್ಕಂಡೆ. ನಡ್ಯಕ್ಕೂ ಆಗ್ಲಿಲ್ಲ ಬಿಡು, ರಾತ್ರಿಯೆಲ್ಲ ಏರ್‌ಪೋರ್ಟ್ ಟ್ರಿಪ್ಪು."

ರೈಲು ಬಂತು, ಹೋಯಿತು. ಇನ್ನೊಂದೂ ಹೋಯಿತು. "ನಾನೂ ನುಂಗ್ತಾ ಇದೀನಿ ಕಣೋ" ಎಂದೆ.

"ಯಾವಾಗಿಂದ?"

"ಹೋದ್ ವರ್ಷ ಏಪ್ರಿಲ್‌ನಿಂದ."

ಆ ಕಡೆ ಸಾಲಿನ ಗದ್ದಲ ಮಾತ್ರ ಕೇಳುತ್ತಿತ್ತು. ಆಮೇಲೆ ಅವನು ಕೋಪವಿಲ್ಲದೆ, "ಹೇಳ್ಬಾರ್ದಾ ಅಣ್ಣ?" ಎಂದ.

ತಮ್ಮನಿಗೆ ಏನೂ ಆಗಿರಲಿಲ್ಲ. ಇಸಿಜಿ, ಎಕೋ ಸರಿಯಿತ್ತು. ಎಲ್‌ಡಿಎಲ್ 194, ಮಾತ್ರೆ ಮತ್ತೆ ಶುರುವಾಯಿತು. ಆದರೆ ನನಗೆ ಸಮಾಧಾನವಾಗಲಿಲ್ಲ. 1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್, ಥಾಮಸ್ ನೇಗಲ್ ಎಂಬ ಇಬ್ಬರು ತತ್ವಶಾಸ್ತ್ರಜ್ಞರು ನೈತಿಕ ಅದೃಷ್ಟ ಎನ್ನುವ ವಿಚಾರವನ್ನು ಚರ್ಚೆಗೆ ತಂದರು. ಇಬ್ಬರು ಡ್ರೈವರ್‌ಗಳು ಬ್ರೇಕ್ ಸರಿಮಾಡಿಸದೆ ಗಾಡಿ ಓಡಿಸುತ್ತಾರೆ ಅಂದುಕೊಳ್ಳಿ. ಒಬ್ಬನ ಗಾಡಿಗೆ ಮಗು ಅಡ್ಡ ಬರುತ್ತದೆ, ಇನ್ನೊಬ್ಬನಿಗೆ ಬರುವುದಿಲ್ಲ. ಇಬ್ಬರ ಅಲಕ್ಷ್ಯವೂ ಒಂದೇ, ಆದರೆ ಒಬ್ಬ ಕೊಲೆಗಾರ, ಇನ್ನೊಬ್ಬ ಮನೆಗೆ ಹೋಗಿ ಉಂಡು ಮಲಗುತ್ತಾನೆ. ನಾನು ಆ ಎರಡನೆಯ ಡ್ರೈವರ್. ನಾನು ಸುಳ್ಳು ಹೇಳಿರಲಿಲ್ಲ. ಹೆಜ್ಜೆಗಳ ಲೆಕ್ಕ ನಿಜ, ಇಳಿದ ಐದು ಕೆಜಿ ನಿಜ. ಅರ್ಧ ರಿಪೋರ್ಟ್ ತೋರಿಸಿದ್ದೆ ಅಷ್ಟೆ. ಕ್ಲಯಂಟಿಗೆ ಅರ್ಧ ರಿಪೋರ್ಟ್ ಕಳಿಸಿದವರನ್ನು ನಾನು ಟೀಮಿನಿಂದ ತೆಗೆದಿದ್ದೇನೆ. ಶಿಸ್ತಿನ ಮನುಷ್ಯ ಎನ್ನಿಸಿಕೊಳ್ಳುವ ಆಸೆಗೆ, ತಮ್ಮನಿಗೆ ಬೇಕಾಗಿದ್ದ ಮಾಹಿತಿಯನ್ನು ಮುಚ್ಚಿಟ್ಟಿದ್ದೆ. ಮಾತ್ರೆಯಲ್ಲಿ ನಾಚಿಕೆಪಡುವಂಥದ್ದು ಏನೂ ಇರಲಿಲ್ಲ. ನಾಚಿಕೆಪಡಬೇಕಾಗಿದ್ದ ಕೆಲಸ ಇದು.

ಅದೇ ರಾತ್ರಿ ಅವ್ವನ ಫೋನ್ ಬಂತು. ತಮ್ಮ ಎಲ್ಲ ಹೇಳಿದ್ದ. ನಾನು ಅವ್ವನಿಗೆ ಮೊದಲಿಂದ ವಿವರಿಸಿದೆ. ಮೂರು ತಿಂಗಳು ಎಣ್ಣೆ, ಬೆಣ್ಣೆ ಮುಟ್ಟದೆ ಮುದ್ದೆ ಉಂಡರೂ ಇಳಿದದ್ದು ಇಷ್ಟೇ, ಉಳಿದದ್ದು ದೇಹವೇ ಮಾಡುವುದು, ನಮಗಿಬ್ಬರಿಗೂ ಇರುವುದರಿಂದ ಅಪ್ಪನಿಂದ ಬಂದಿರಬಹುದು ಎಂದೆ. ಅವ್ವ ಬಹಳ ಹೊತ್ತು ಸುಮ್ಮನಿದ್ದಳು.

"ಹಂಗಾರೆ ನಿಮ್ಮಪ್ಪ ನನ್ ಕಜ್ಜಾಯ ತಿಂದು ಹೋಗ್ಲಿಲ್ವೇನ್ಲಾ ಮಗ?"

ನನಗೆ ತಕ್ಷಣ ಅರ್ಥವಾಗಲಿಲ್ಲ. ಅಪ್ಪನಿಗೆ ಕಜ್ಜಾಯವೆಂದರೆ ಪ್ರಾಣ. ಆ ವರ್ಷ ದೀಪಾವಳಿಯಲ್ಲಿ ದಿನವೂ ತಿಂದಿದ್ದರಂತೆ. ಏನ್ ತಿಂದಿದ್ರಂತೆ ಎನ್ನುವ ಪ್ರಶ್ನೆಗೆ ಹೆಂಗಸರ ಕಡೆ ಉತ್ತರ ಸಿಕ್ಕಿಬಿಟ್ಟಿತ್ತು: ಎಣ್ಣೇಲಿ ಕರಿದದ್ದು. ಅದಾದ ಮೇಲೆ ನಮ್ಮ ಮನೆಯಲ್ಲಿ ಕಜ್ಜಾಯ ಮಾಡಿದ್ದು ನೆನಪಿಲ್ಲ. ದುಃಖಕ್ಕೆ ಬಿಟ್ಟಿದ್ದಾಳೆ ಎಂದು 22 ವರ್ಷ ಅಂದುಕೊಂಡಿದ್ದೆ. ಊಟ ಬಲ್ಲವನ ಗಾದೆಯಲ್ಲಿ ಉಣ್ಣುವವನು ಗಂಡಸು; ಶಿಕ್ಷೆ ಬೀಳುವುದು ಬಡಿಸಿದವಳಿಗೆ ಎಂದು ನನಗೆ ಹೊಳೆದೇ ಇರಲಿಲ್ಲ.

"ಇಲ್ಲ ಕಣವ್ವ" ಎಂದೆ.

ಈ ಉತ್ತರ ನಿಜವೇ ಎಂದು ಆಮೇಲೆ ಬಹಳ ಯೋಚಿಸಿದ್ದೇನೆ. ಅಪ್ಪನ ರಕ್ತವನ್ನು ಯಾರೂ ಎಂದೂ ಪರೀಕ್ಷಿಸಿರಲಿಲ್ಲ. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದ ಪ್ರಕಾರ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬರುವ ಸರಾಸರಿ ವಯಸ್ಸು 53, ಬೇರೆ ದೇಶಗಳವರಿಗೆ ಸುಮಾರು 59. ಅಪ್ಪ ಸರಾಸರಿಗೆ ಸರಿಯಾಗಿ ಹೋದರು. ಬಹುಪಾಲು ಅಪಾಯಕ್ಕೆ ನಾವು ಬದಲಿಸಬಹುದಾದ ಒಂಬತ್ತು ಅಂಶಗಳು ಕಾರಣ ಎಂದೂ ಅದೇ ಅಧ್ಯಯನ ಹೇಳುತ್ತದೆ. ಊಟ ಅವುಗಳಲ್ಲೊಂದು, ರಕ್ತದ ಕೊಬ್ಬು ಇನ್ನೊಂದು. ಹಾಗಾಗಿ ಊಟಕ್ಕೂ ಎದೆಗೂ ಸಂಬಂಧವಿಲ್ಲ ಎಂದು ನಾನು ಹೇಳಲಾರೆ. ಆದರೆ ಎಂಟು ದಿನದ ಕಜ್ಜಾಯ ರಕ್ತನಾಳ ಕಟ್ಟುವುದಿಲ್ಲ, ಅದಕ್ಕೆ ದಶಕಗಳು ಬೇಕು. ಅವ್ವ ಕೇಳಿದ್ದು ಸಂಭವನೀಯತೆಯ ಲೆಕ್ಕವನ್ನೂ ಅಲ್ಲ. ಸಾಕ್ಷಿಯಿಲ್ಲದೆ ಹೊರಿಸಿದ ಅಪರಾಧವನ್ನು ಹೊತ್ತು ನಿಂತವಳು ಬಿಡುಗಡೆ ಉಂಟೇ ಎಂದು ಕೇಳಿದಳು. ಅದಕ್ಕೆ ಇಲ್ಲ ಎನ್ನುವ ಉತ್ತರವೇ ನ್ಯಾಯ ಎಂದು ಈಗಲೂ ನಂಬುತ್ತೇನೆ.

ಇಷ್ಟೆಲ್ಲ ಆದಮೇಲೆ ಮಾತ್ರೆಯೋ ಊಟ-ನಡಿಗೆಯೋ ಎಂದು ಯಾರಾದರೂ ಕೇಳಿದರೆ, ನನಗೆ ನಮ್ಮ ಪಥ್ಯ ಎನ್ನುವ ಮಾತು ನೆನಪಾಗುತ್ತದೆ. ಹಳ್ಳಿಯಲ್ಲಿ ಕಾಮಾಲೆಗೆ ನಾಟಿ ಔಷಧಿ ಕೊಡುವವರು ಔಷಧಿಯ ಜೊತೆಗೇ ಪಥ್ಯ ಹೇಳುತ್ತಿದ್ದರು, ಇಷ್ಟು ದಿನ ಎಣ್ಣೆ ಬೇಡ, ಖಾರ ಬೇಡ ಎಂದು. ಔಷಧಿ ಬೇಕೋ ಪಥ್ಯ ಬೇಕೋ ಎಂದು ಯಾರೂ ಆರಿಸಿಕೊಳ್ಳುತ್ತಿರಲಿಲ್ಲ. ಪಥ್ಯ ಮಾಡುವವನಿಗೆ ಅದು ಸಾಧನೆಯೂ ಆಗಿರಲಿಲ್ಲ, ಔಷಧಿ ನುಂಗುವವನಿಗೆ ಸೋಲೂ ಆಗಿರಲಿಲ್ಲ. ಇವೆರಡರ ನಡುವೆ "ಅಥವಾ" ಎಂದು ತಂದಿಟ್ಟವರು ನಾವು, ಎಲ್ಲದರಲ್ಲೂ ಅಂಕ ಎಣಿಸುವವರು. ಮಾತ್ರೆ ಬೇಡದವರಿಗೆ ಬೇಡ; ಅದನ್ನು ಅವರ ವಯಸ್ಸು, ವಂಶ, ಬಿಪಿ, ಸಕ್ಕರೆ ನೋಡಿ ವೈದ್ಯರು ಹೇಳಲಿ. ಬೇಕಾದವರು ತಲೆತಗ್ಗಿಸದೆ ನುಂಗಲಿ, ಮನೆಯವರಿಗೆ ತಿಳಿಸಲಿ. ಒಬ್ಬರಿಗಿದೆ ಎಂದರೆ ಒಡಹುಟ್ಟಿದವರಿಗೂ ಇರಬಹುದು.

ಕಳೆದ ದೀಪಾವಳಿಗೆ ಊರಿನಿಂದ ಒಂದು ಪಾರ್ಸೆಲ್ ಬಂತು. ಬಿಚ್ಚಿದರೆ ಕಜ್ಜಾಯ. ಓಲ್ಡ್ ರಾಜಿಂದರ್ ನಗರದ ಮೇಲೆ ಪಟಾಕಿಯ ಹೊಗೆ ಕವಿದಿತ್ತು, ವಾಕಿಂಗ್ ಸಾಧ್ಯವಿರಲಿಲ್ಲ. ಕೆಳಗಿನ ಹುಡುಗನನ್ನು ಕರೆದು ಕೊಟ್ಟೆವು. ಅವ್ವ ಫೋನಿನಲ್ಲಿ, "ಒಂದೇ ತಿನ್ನು, ಆಯ್ತಾ?" ಎಂದಳು. ಎರಡು ತಿಂದೆ. ರಾತ್ರಿ ಮಾತ್ರೆ ನುಂಗಿದೆ. ಸ್ಟ್ರಿಪ್ ಈಗ ಅಡುಗೆಮನೆಯಲ್ಲಿ, ರಾಗಿ ಹಿಟ್ಟಿನ ಡಬ್ಬದ ಪಕ್ಕದಲ್ಲಿರುತ್ತದೆ.